ಲೈನ್ ಆಫ್ ಸೈಟ್: ‘ದೃಷ್ಟಿರೇಖೆ’ ಸಾಕೇ?

ಬಳಗದವರಿಗೆ ನಮಸ್ಕಾರ.

ಮಡಿಕೇರಿ ಕಡೆ ಆಟೋಟ, ಊರಹಬ್ಬಗಳನ್ನು ಕೇಬಲ್ ವಾಹಿನಿಗೆ ನೇರಪ್ರಸಾರ ಮಾಡುವ ಹುಡುಗರಿಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೈದಾನದ ಎಚ್‌ಡಿ ಚಿತ್ರವನ್ನು ಕೆಲವು ಕಿಲೋಮೀಟರ್ ಆಚೆಯ ಕಂಟ್ರೋಲ್ ರೂಮಿಗೆ ತಂತಿಯಿಲ್ಲದೆ ಮುಟ್ಟಿಸುವುದು ಹೇಗೆಂಬುದು ವಿಷಯ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯನ್ನು ವರ್ಷಕ್ಕೊಂದು ಕುಟುಂಬ ನಡೆಸುತ್ತದೆ. ಮೈದಾನ ಬದಲಾದರೆ ಲಿಂಕಿನ ದಾರಿಯನ್ನೂ ಹೊಸದಾಗಿ ಹುಡುಕಬೇಕು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: “ಲೈನ್ ಆಫ್ ಸೈಟ್ ಸಿಗುತ್ತಾ?” ಅಂದರೆ ಈ ತುದಿಯ ಆಂಟೆನಾಗೂ ಆ ತುದಿಯ ಆಂಟೆನಾಗೂ ನಡುವೆ ಮರೆಯಿಲ್ಲದ ನೇರ ದಾರಿ ಇದೆಯಾ ಎಂದು.

ಇದಕ್ಕೆ ‘ದೃಷ್ಟಿರೇಖೆ’ ಎಂದು ಬರೆದುಕೊಂಡಿದ್ದೆ. ಮುಂದೆ ಹೋದಂತೆ ಪದ ಕೈಕೊಡತೊಡಗಿತು. ದೃಷ್ಟಿ ಎಂದ ಮೇಲೆ ಕಣ್ಣಿಗೆ ಕಂಡರಾಯಿತು ಎಂಬ ಅರ್ಥ ಬಂದೇ ಬರುತ್ತದೆ. ನಮ್ಮಲ್ಲಿ ಮಂಜು ಮುಸುಕಿದರೆ ಎದುರಿನ ಗುಡ್ಡವೇ ಕಾಣುವುದಿಲ್ಲ. ಆದರೂ ಲಿಂಕಿನ 5.8 ಗಿಗಾಹರ್ಟ್ಸ್ ರೇಡಿಯೋ ಅಲೆಗೆ ಮಂಜು ಲೆಕ್ಕಕ್ಕಿಲ್ಲ, ಚಿತ್ರ ಸಲೀಸಾಗಿ ಹೋಗುತ್ತದೆ. ಇದರ ತಿರುಗುಮುರುಗೂ ಉಂಟು. ಸಿಲ್ವರ್ ಓಕ್ ಮರಗಳ ನೆತ್ತಿಯ ಮೇಲಿಂದ ಆಚೆಯ ಟವರ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಚಿತ್ರ ಮಾತ್ರ ಒಡೆದು ಚೌಕಚೌಕವಾಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಲೆ ನೆನೆದರಂತೂ ಕೇಳುವುದೇ ಬೇಡ.

ಕಾರಣ ಇಷ್ಟೆ. ರೇಡಿಯೋ ಅಲೆಗೆ ನೂಲಿನಂಥ ಗೆರೆ ಸಾಲದು, ಆ ಗೆರೆಯ ಸುತ್ತ ಜಾಗ ಬೇಕು. ಅದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ಎರಡು ತುದಿಯಲ್ಲಿ ಚೂಪು, ನಡುವೆ ಉಬ್ಬು. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿಲೋಮೀಟರ್ ಲಿಂಕ್ ಎಂದರೆ ನಟ್ಟನಡುವೆ ಈ ಉಬ್ಬಿನ ತ್ರಿಜ್ಯ ಸುಮಾರು 11 ಮೀಟರ್. ಅದರಲ್ಲಿ ಶೇ 60 ಭಾಗವಾದರೂ, ಅಂದರೆ ಗೆರೆಯಿಂದ ಏಳು ಮೀಟರ್ ಹತ್ತಿರ ಹತ್ತಿರ, ಮರೆಯಿಲ್ಲದೆ ಇರಬೇಕೆಂಬುದು ರೂಢಿಯ ಲೆಕ್ಕ. ‘ದೃಷ್ಟಿರೇಖೆ ನೋಡಿಕೊಳ್ಳಿ’ ಎಂದು ಬರೆದರೆ ಹುಡುಗರು ಬೈನಾಕ್ಯುಲರ್ ಹಿಡಿದು ನೋಡಿ, ಕಾಣಿಸಿತು ಎಂದು ಕಂಬ ನೆಟ್ಟುಬಿಡುತ್ತಾರೆ.

ನನಗೆ ಹೊಳೆದದ್ದು ‘ತೆರಪು’. ಕಾಫಿತೋಟದವರು ಮರಕಪಾತು ಮಾಡುವುದೂ, ಅಂದರೆ ನೆರಳುಮರಗಳ ಕೊಂಬೆ ಸವರುವುದೂ, ಬೆಳಕಿಗೆ ತೆರಪು ಬಿಡಿಸುವುದಕ್ಕೇ ಅಲ್ಲವೇ? “ತೆರಪು ಇದೆಯಾ ನೋಡು” ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ತೆರಪಿಗೆ ಬಿಡುವು ಎಂಬ ಅರ್ಥವೂ ಇರುವುದರಿಂದ ಕೈಪಿಡಿಯಲ್ಲಿ ‘ಅಲೆತೆರಪು’ ಎಂದು ಜೋಡಿಸಬಹುದೇ? ‘ಕಣ್ಣಳತೆ’ಯನ್ನು ಕೈಬಿಟ್ಟೆ, ದೃಷ್ಟಿಯ ತೊಡಕೇ ಅಲ್ಲೂ ಇದೆ.

ಫ್ರೆನೆಲ್ ವಲಯಕ್ಕೆ ‘ಕದಿರು’ ಹೇಗೆ? ನೂಲುವ ಕದಿರಿನ ಆಕಾರವೂ ಹೌದು, ಕಿರಣ ಎಂಬ ಹಳೆಯ ಅರ್ಥವೂ ಹೌದು. ತೊಂದರೆ ಏನೆಂದರೆ ಕೊಡಗಿನಲ್ಲಿ ಕದಿರು ಎಂದ ಕೂಡಲೇ ಪುತ್ತರಿ ಸುಗ್ಗಿಹಬ್ಬದಲ್ಲಿ ಕೊಯ್ಯುವ ಭತ್ತದ ತೆನೆ ನೆನಪಾಗುತ್ತದೆ, ಆಗ ಹಾರಿಸುವ ಕೋವಿಯ ಸದ್ದೂ ಕೇಳಿಸುತ್ತದೆ! ಬಯಲುಸೀಮೆಯವರಿಗೆ ಈ ಅಡ್ಡಿ ಇರಲಾರದು.

ಇನ್ನೊಂದು ಸಣ್ಣ ಸಂದೇಹ. ಕ್ಯಾಮೆರಾದಿಂದ ಕಂಟ್ರೋಲ್ ರೂಮಿಗೆ ಹೋಗುವುದನ್ನೂ ಅಲ್ಲಿಂದ ಮನೆಮನೆಗೆ ಹೋಗುವುದನ್ನೂ ‘ಪ್ರಸಾರ’ ಎಂದೇ ಬರೆಯುತ್ತೇವೆ. ಮೊದಲನೆಯದು ಒಬ್ಬರಿಂದ ಒಬ್ಬರಿಗೆ, ಎರಡನೆಯದು ಊರಿಗೆಲ್ಲ. ವಿದ್ಯುತ್ ಪ್ರಸರಣ ನಿಗಮದವರ ‘ಪ್ರಸರಣ’ ತರೋಣವೆಂದರೆ ಪತ್ರಿಕೆಯವರು ಅದನ್ನು ಮಾರಾಟದ ಸಂಖ್ಯೆಗೆ ಬಳಸುತ್ತಾರೆ. ಮೊದಲನೆಯದಕ್ಕೆ ಸದ್ಯ ‘ರವಾನೆ’ ಎಂದಿಟ್ಟಿದ್ದೇನೆ. ಎಚ್‌ಡಿ, ಫೀಡ್, ಲಿಂಕ್, ಡಿಲೇ ಇವುಗಳ ತಂಟೆಗೆ ಹೋಗಿಲ್ಲ, ಹುಡುಗರ ಬಾಯಲ್ಲಿ ಇರುವಂತೆಯೇ ಇರಲಿ.

ರೇಡಿಯೋ, ಪೊಲೀಸ್ ವೈರ್‌ಲೆಸ್ ಅಥವಾ ದೂರಸಂಪರ್ಕದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಲೈನ್ ಆಫ್ ಸೈಟ್‌ಗೆ ನಿಮ್ಮಲ್ಲಿ ಆಡುಮಾತಿನ ಪದವೇನಾದರೂ ಇತ್ತೇ? ‘ಅಲೆತೆರಪು’ ಕಿವಿಗೆ ಒರಟು ಎನಿಸಿದರೆ ಅದನ್ನೂ ಹೇಳಿ.