ಶಾಸಕರ ಕಾಗದಪತ್ರಗಳನ್ನು ‘ಖಾಸಗಿ’ ಎನ್ನಬಹುದೆ?

ಹಲವು ಅವಧಿಗೆ ಆಯ್ಕೆಯಾಗಿದ್ದ, ಈಗ ನಮ್ಮೊಡನಿಲ್ಲದ ಶಾಸಕರೊಬ್ಬರ ಮನೆಯಲ್ಲಿ ಉಳಿದ ಕಾಗದಗಳಿಗೆ ವಿವರಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ತಲೆಬರಹದಲ್ಲಿಯೇ ತೊಡಕಾಗಿ ನಿಂತಿದ್ದೇನೆ. ಇಂಗ್ಲಿಷಿನ ‘ಪರ್ಸನಲ್ ಪೇಪರ್ಸ್’ ಎಂಬುದಕ್ಕೆ ‘ಖಾಸಗಿ ದಾಖಲೆಗಳು’ ಎಂದು ಬರೆಯುವುದು ರೂಢಿ. ಆದರೆ ಕಟ್ಟುಗಳನ್ನು ಬಿಚ್ಚಿದಷ್ಟೂ ಈ ಎರಡು ಪದಗಳಲ್ಲಿ ಒಂದೂ ಇಲ್ಲಿಗೆ ಒಗ್ಗುವುದಿಲ್ಲ ಎನ್ನಿಸುತ್ತಿದೆ.

ಮೊದಲು ‘ಖಾಸಗಿ’. ಅರಬ್ಬಿಯ ‘ಖಾಸ್’ ಎಂಬುದರಿಂದ ಹುಟ್ಟಿ ಮರಾಠಿಯ ಬಳಕೆಯಲ್ಲಿ ಬೆಳೆದ ಈ ಪದಕ್ಕೆ ಮರಾಠಾ ಸಂಸ್ಥಾನಗಳಲ್ಲಿ ಒಡೆಯನ ಮನೆತನದ ಸ್ವಂತ ಆಸ್ತಿ, ಅಂದರೆ ರಾಜ್ಯದ ಬೊಕ್ಕಸಕ್ಕೆ ಸೇರದ್ದು, ಎಂಬ ಅರ್ಥವಿತ್ತು. ಇಂದಿನ ಕನ್ನಡದಲ್ಲಿ ಅದು ‘ಸರ್ಕಾರಿ’ಗೆ ಎದುರುಪದ, ಜೊತೆಗೆ ‘ಇತರರು ನೋಡಬಾರದ್ದು’ ಎಂಬ ಛಾಯೆಯೂ ಅಂಟಿಕೊಂಡಿದೆ. ಶಾಸನಸಭೆಯೊಳಗೆ ಇದೇ ಪದಕ್ಕೆ ಮತ್ತೊಂದು ಅರ್ಥವಿರುವುದು ನನ್ನ ತೊಡಕನ್ನು ಹೆಚ್ಚಿಸಿದೆ. ಅಲ್ಲಿ ಮಂತ್ರಿಯಲ್ಲದ ಸದಸ್ಯರೆಲ್ಲರೂ, ಆಳುವ ಪಕ್ಷದವರೂ ಸೇರಿ, ‘ಖಾಸಗಿ ಸದಸ್ಯರು’. ಕಾನೂನಾಗಲೆಂದು ಅವರು ಸಭೆಯ ಮುಂದೆ ಮಂಡಿಸುವ ಪ್ರಸ್ತಾವವೇ ‘ಖಾಸಗಿ ಸದಸ್ಯರ ವಿಧೇಯಕ’. ಈ ಶಾಸಕರು ತಮ್ಮ ಕೈಯಾರೆ ತಿದ್ದಿ ತಿದ್ದಿ ಬರೆದ ಅಂಥದೊಂದು ವಿಧೇಯಕದ ಕರಡು ಈ ಕಟ್ಟುಗಳಲ್ಲಿದೆ. ಸಭೆಯ ಭಾಷೆಯಲ್ಲಿ ಅದು ಖಾಸಗಿ, ಆದರೆ ಇಡೀ ಸಂಗ್ರಹದಲ್ಲಿ ಅದಕ್ಕಿಂತ ಸಾರ್ವಜನಿಕವಾದ ಕಾಗದ ಇನ್ನೊಂದಿಲ್ಲ.

ಇದಕ್ಕೆ ತಿರುಗಾಮುರುಗಾ ಆದದ್ದು ಅರ್ಜಿಗಳ ಕಟ್ಟು. ವಿಧವಾ ವೇತನ ನಿಂತುಹೋದದ್ದು, ಮಗನ ಕಾಯಿಲೆ, ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯ ಎಂದು ಮತಕ್ಷೇತ್ರದ ಜನ ಬರೆದುಕೊಂಡ ಕಾಗದಗಳು ಅಲ್ಲಿವೆ. ಹಲವದರ ಅಂಚಿನಲ್ಲಿ ‘ತಹಶೀಲ್ದಾರರಿಗೆ ಹೇಳಿದೆ’ ಎಂಬಂಥ ಶಾಸಕರ ಟಿಪ್ಪಣಿಯೂ ಇದೆ. ಇಲ್ಲಿ ಕಾಪಾಡಬೇಕಾದ ಗುಟ್ಟು ಶಾಸಕರದ್ದಲ್ಲ, ಅರ್ಜಿ ಬರೆದವರದ್ದು. ಹಾಗಾಗಿ ‘ಖಾಸಗಿ’ ಎಂಬ ಪದವನ್ನು ಇಡೀ ಸಂಗ್ರಹದ ಹೆಸರಿಗೆ ಬಳಸಿ ಸವೆಸುವುದಕ್ಕಿಂತ ಈ ಒಂದು ಕಟ್ಟಿಗೆ ಮೀಸಲಿಡುವುದೇ ಸರಿಯೆಂದು ನನ್ನ ಗಟ್ಟಿಯಾದ ಅನಿಸಿಕೆ.

ಇನ್ನು ‘ದಾಖಲೆ’. ದಾಖಲಾದದ್ದು, ಎಂದರೆ ಎಲ್ಲಿಯೋ ಅಧಿಕೃತವಾಗಿ ಒಳಸೇರಿದ್ದು ಎಂಬ ಭಾವ ಅದರಲ್ಲಿದೆ. ಸಭೆಯಲ್ಲಿ ಮಂತ್ರಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗೆ ಬಂದ ಅಚ್ಚಾದ ಉತ್ತರಕ್ಕೆ ಅದು ಒಪ್ಪುತ್ತದೆ; ಆ ಪ್ರಶ್ನೆಯನ್ನು ಮೊದಲು ಬರೆದುಕೊಂಡ ಬಸ್ ಟಿಕೆಟಿನ ಹಿಂಬದಿಗೆ ಒಪ್ಪುವುದಿಲ್ಲ. ‘ಕಡತ’ ಎನ್ನೋಣವೆಂದರೆ ಅದು ಇಂದು ಸರ್ಕಾರಿ ಕಚೇರಿಯ ಸೊತ್ತಾಗಿದೆ. ಮೂಲದಲ್ಲಿ ಹಾಗಿರಲಿಲ್ಲ: ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಳಿದು ಕಪ್ಪಾಗಿಸಿದ, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಬಟ್ಟೆಯೇ ಕಡತ; ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ‘ಮಸೂದೆ’ಯ ಮೂಲವೂ ‘ಕಪ್ಪು’ ಎಂಬ ಅರ್ಥದ ಅರಬ್ಬಿ ಧಾತುವೇ, ಮಸಿಯಿಂದ ಕಪ್ಪಾದ ಕರಡು ಎಂದು ಅದರ ಹಳೆಯ ಅರ್ಥ. ಅದು ಈಗ ವಿಧೇಯಕಕ್ಕೇ ಹೆಸರಾಗಿರುವುದರಿಂದ ‘ಕರಡು ಮಸೂದೆ’ ಎಂದು ಒಂದೇ ಅರ್ಥವನ್ನು ಎರಡು ಬಾರಿ ಹೇಳುತ್ತಿದ್ದೇವೆ. ರೂಢಿ ಗಟ್ಟಿಯಾಗಿರುವಲ್ಲಿ ನಾನು ಅದನ್ನು ತಿದ್ದಲು ಹೋಗುವುದಿಲ್ಲ.

ಪರಿಚಯದ ಟಿಪ್ಪಣಿಯಲ್ಲಿ ‘ವೃತ್ತಿಜೀವನ’ ಎಂದು ಬರೆದು ಹೊಡೆದುಹಾಕಿದ್ದೇನೆ. ಶಾಸಕತ್ವ ವೃತ್ತಿಯಲ್ಲ, ಇವರ ವೃತ್ತಿ ವಕೀಲಿಯಾಗಿತ್ತು. ‘ಸಾರ್ವಜನಿಕ ಜೀವನ’ ಎಂದರೆ ಚಳವಳಿ, ಸಹಕಾರ ಸಂಘ ಎಲ್ಲವೂ ಅದರೊಳಗೆ ಬಂದುಬಿಡುತ್ತದೆ. ಸದ್ಯಕ್ಕೆ ‘ಶಾಸನಸಭೆಯ ವರ್ಷಗಳು’ ಎಂದು ಇಟ್ಟುಕೊಂಡಿದ್ದೇನೆ. ‘ಹಿರಿಯ ಶಾಸಕ’ ಎಂಬುದನ್ನೂ ಬಿಟ್ಟಿದ್ದೇನೆ, ಏಕೆಂದರೆ ಅದು ವಯಸ್ಸನ್ನು ಹೇಳುತ್ತದೆಯೋ ಸೇವೆಯ ಅವಧಿಯನ್ನೋ ತಿಳಿಯುವುದಿಲ್ಲ. ಸಭೆಯ ಹೆಸರನ್ನು ಮಾತ್ರ ಆಯಾ ಕಾಲದ್ದೇ ಉಳಿಸಿದ್ದೇನೆ: ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ಆದ್ದರಿಂದ 1972ರ ಕಾಗದದ ಮೇಲೆ ‘ಕರ್ನಾಟಕ ವಿಧಾನಸಭೆ’ ಎಂದು ಬರೆದರೆ ತಪ್ಪಾಗುತ್ತದೆ.

ತಲೆಬರಹಕ್ಕೆ ನನ್ನ ಮುಂದಿರುವುದು ‘ಸ್ವಂತ ಕಾಗದಪತ್ರಗಳು’ ಎಂಬುದು. ‘ಕಾಗದಪತ್ರ’ ಎಂಬ ಜೋಡುಪದಕ್ಕೆ ಅಧಿಕೃತತೆಯ ಭಾರವಿಲ್ಲ, ಚೀಟಿಯಿಂದ ಭಾಷಣದ ಕರಡಿನವರೆಗೆ ಎಲ್ಲವೂ ಅದರೊಳಗೆ ಹಿಡಿಯುತ್ತದೆ. ‘ಸ್ವಂತ’ ಎಂಬುದು ಇವು ಸಚಿವಾಲಯದಿಂದ ಬಂದವಲ್ಲ, ಅವರೇ ಕೂಡಿಟ್ಟವು ಎಂದು ಸೂಚಿಸುತ್ತದೆಂದು ನಂಬಿದ್ದೇನೆ. ಆದರೆ ಓದಿದವರೊಬ್ಬರು ಅದನ್ನು ಮನೆಯ ಆಸ್ತಿಪತ್ರಗಳೆಂದು ತಿಳಿದರು. ಈ ಅಪಾರ್ಥಕ್ಕೆ ಎಡೆಕೊಡದ ಪದ ಹಳೆಯ ಮೈಸೂರಿನ, ಧಾರವಾಡದ ಅಥವಾ ಕಲಬುರಗಿಯ ಕಚೇರಿ ಬಳಕೆಯಲ್ಲಿ ಇದ್ದರೆ, ಬಲ್ಲವರು ಅದನ್ನು ಬಳಸಿದ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.