ಕೊಂಕಣದ ಯೆಹೂದಿ ಸ್ಮಶಾನ: ಗೋರಿಕಲ್ಲು ತೊಳೆಯೋದು ಹೇಗೆ?

ಪ್ರಶ್ನೆ:
ಅಲಿಬಾಗ್ ಕಡೆಯ ಹಳ್ಳಿಗಳಲ್ಲಿ ಬೆನೆ ಇಸ್ರೇಲಿಗಳ (ಕೊಂಕಣದ ಮರಾಠಿ ಮಾತಾಡೋ ಯೆಹೂದಿಗಳ) ಹಳೇ ಸ್ಮಶಾನಗಳಿವೆಯಲ್ಲ, ಅಂಥ ಕಡೆ ಪಾಚಿ ಕಟ್ಟಿದ ಹೀಬ್ರೂ–ಮರಾಠಿ ಕಲ್ಲುಗಳಿಗೆ ಬ್ಲೀಚಿಂಗ್ ಪೌಡರ್ ಹಾಕಬಹುದಾ? ವಾಲಿದ್ದಕ್ಕೆ ಸಿಮೆಂಟ್? ಇಸವಿ ಓದೋದು ಹೇಗೆ?

ಉತ್ತರ 1:
ಬ್ಲೀಚಿಂಗ್ ಬೇಡವೇ ಬೇಡ. ಅದರ ಉಪ್ಪು ಕಲ್ಲಿನ ರಂಧ್ರದೊಳಗೆ ಉಳಿದು, ಒಣಗುವಾಗ ಹರಳುಗಟ್ಟಿ ಮೇಲ್ಪದರವನ್ನೇ ಎಬ್ಬಿಸುತ್ತೆ. ಅಕ್ಷರವೂ ಜೊತೆಗೇ ಹೋಗುತ್ತೆ. ಮೊದಲು ಫೋಟೋ ತೆಗೀರಿ. ಕಲ್ಲನ್ನು ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಮುಟ್ಟಬೇಡಿ. ಗಟ್ಟಿ ಇದ್ದರೆ ನೀರಲ್ಲಿ ಚೆನ್ನಾಗಿ ನೆನೆಸಿ, ನೈಲಾನ್ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿಂದ ಶುರುಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಬೀಳುತ್ತೆ. ತಂತಿ ಬ್ರಷ್, ಆಸಿಡ್, ಪ್ರೆಷರ್ ವಾಷರ್ ಮೂರೂ ಹಾಳು.

ಉತ್ತರ 2:
ಸಿಮೆಂಟ್ ಕಲ್ಲಿಗಿಂತ ಗಡಸು, ತೇವ ಹೊರಬಿಡಲ್ಲ. ಕಲ್ಲು ಬುಡದಲ್ಲೇ ಮುರಿಯುತ್ತೆ. ಬಿರುಕಿಗೆ 1 ಪಾಲು ಸುಣ್ಣ, 3 ಪಾಲು ಮರಳು ಸಾಕು. ಸಮುದ್ರದ ಮರಳಂತೂ ಬೇಡ, ಮತ್ತೆ ಅದೇ ಉಪ್ಪಿನ ಕಥೆ. ವಾಲಿದ ಕಲ್ಲಿಗೆ ಬುಡದ ಸುತ್ತ ಮಾತ್ರ ಮಣ್ಣು ತೆಗೆದು ಜಲ್ಲಿ ತುಂಬಿ. ಆಳಕ್ಕೆ ಅಗೆಯೋ ಹಾಗಿಲ್ಲ: ಹೂತವರನ್ನು ಕದಲಿಸೋದು ಯೆಹೂದಿ ಧರ್ಮದಲ್ಲಿ ನಿಷಿದ್ಧ. ಸಮುದಾಯದವರ ಒಪ್ಪಿಗೆ ಮೊದಲು.

ಉತ್ತರ 3:
ಇಸವಿಗೆ: ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆ ಇದೆ, ಅದರಲ್ಲೇ ಯೆಹೂದಿ ಪಂಚಾಂಗದ ವರ್ಷವನ್ನು ಸಾಮಾನ್ಯವಾಗಿ 5000 ಬಿಟ್ಟು ಕೆತ್ತಿರ್ತಾರೆ. ಉದಾಹರಣೆಗೆ, ತಾವ್ 400, ರೇಶ್ 200, ಸಾಮೆಖ್ 60, ಹೇ 5, ಒಟ್ಟು 665. ಅದಕ್ಕೆ 1240 ಸೇರಿಸಿದರೆ 1905. ವರ್ಷ ಶುರುವಾಗೋದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಹಾಗಾಗಿ ಅಲ್ಲಿಂದ ಡಿಸೆಂಬರ್ ಕೊನೆಯೊಳಗಿನ ಸಾವಾದರೆ 1 ಕಳೆಯಿರಿ. ಅಕ್ಷರ ಸವೆದಿದ್ದರೆ ಸೀಮೆಸುಣ್ಣ ಬಳಿಯಬೇಡಿ, ಸಂಜೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡೀರಿ. ಕೇರಳದ ಚೇಂದಮಂಗಲಂನಲ್ಲಿರೋ 1269ರ, ಸಾರಾ ಅನ್ನೋ ಯೆಹೂದಿ ಮಹಿಳೆಯ ಗೋರಿಕಲ್ಲನ್ನೂ ನೋಡಿ ಬನ್ನಿ.