ಪದಚರ್ಚೆ: ಟೈಟಲ್ ಬಾರ್‌ಗೆ ‘ಶೀರ್ಷಿಕೆ ಪಟ್ಟಿ’ ಸಾಕೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಕಂಪ್ಯೂಟರ್ ಪರದೆಯಲ್ಲಿ ತೆರೆಯುವ ಕಿಟಕಿಯ (ವಿಂಡೋ) ನೆತ್ತಿಯ ಮೇಲೆ ಅದರ ಹೆಸರು ತೋರಿಸುವ ಅಡ್ಡ ಸಾಲಿಗೆ, ಅಂದರೆ ಟೈಟಲ್ ಬಾರ್‌ಗೆ, ಕನ್ನಡದಲ್ಲಿ ಏನೆನ್ನೋಣ?

ಹುಬ್ಬಳ್ಳಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಗೆಳೆಯರೊಬ್ಬರ ಕಂಪ್ಯೂಟರಿಗೆ ಈಚೆಗೆ ಲಿನಕ್ಸ್ ಹಾಕಿಕೊಟ್ಟೆ. ಫೈರ್‌ಫಾಕ್ಸ್ ಬ್ರೌಸರ್ ತೆರೆದರೆ ಕಿಟಕಿಯ ನೆತ್ತಿಯ ಮೇಲೆ ಹೆಸರಿಲ್ಲ, ಟ್ಯಾಬುಗಳೇ ತುಂಬಿ ಹಿಡಿದೆಳೆಯಲು ಜಾಗವಿಲ್ಲ ಅಂದರು. ಚೀಟಿ ಬರೆದುಕೊಟ್ಟೆ: ‘ಶೀರ್ಷಿಕೆ ಪಟ್ಟಿಯನ್ನು ಮರುಸ್ಥಾಪಿಸಿ’. ಸಂಜೆ ಫೋನ್ ಬಂತು. “ಎಲ್ಲಾ ಕಡೆ ಹುಡುಕಿದೆ, ಇಲ್ಲಿ ಯಾವ ಪಟ್ಟೀನೂ ಇಲ್ರಿ.” ಅವರು ಹುಡುಕುತ್ತಿದ್ದದ್ದು ಶೀರ್ಷಿಕೆಗಳ ಯಾದಿ!

ತಪ್ಪು ಅವರದಲ್ಲ. ನಮ್ಮ ಕಡೆ ಯಾದಿಯೂ ಪಟ್ಟಿ, ಗಾಯಕ್ಕೆ ಕಟ್ಟುವುದೂ ಪಟ್ಟಿ, ಜಾತ್ರೆಗೆ ಮನೆಮನೆಯಿಂದ ಎತ್ತುವ ವಂತಿಗೆಯೂ ಪಟ್ಟಿ. ಒಂದೇ ಪರದೆಯ ಮೇಲೆ ಬಾರ್‌ಗೂ ಲಿಸ್ಟ್‌ಗೂ ಅದೇ ಪದ ಬಂದರೆ ಓದುವವರು ಏನು ಮಾಡಬೇಕು?

ಇನ್ನೊಂದು ತೊಡಕು. ಹಳೆಯ ಟೈಟಲ್ ಬಾರನ್ನು ಪರದೆಯ ಮೇಲೆ ಚಿತ್ರಿಸುತ್ತಿದ್ದುದು ವಿಂಡೋ ಮ್ಯಾನೇಜರ್, ಅಂದರೆ ಕಿಟಕಿಗಳನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶ. ಎಲ್ಲ ಕಿಟಕಿಗೂ ಒಂದೇ ಅಚ್ಚು. ಲಿನಕ್ಸಿನಲ್ಲಿ ಬಳಸುವ ಗ್ನೋಮ್ ಎಂಬ ಡೆಸ್ಕ್‌ಟಾಪಿನ 2013ರ 3.10 ಆವೃತ್ತಿಯಲ್ಲಿ ಬಂದ ಹೆಡರ್ ಬಾರ್ ಹಾಗಲ್ಲ. ಹೆಸರು, ಗುಂಡಿ, ಮೆನು ಎಲ್ಲವನ್ನೂ ಒಂದೇ ಸಾಲಿಗೆ ತಂದು ಆಯಾ ತಂತ್ರಾಂಶವೇ ಚಿತ್ರಿಸಿಕೊಳ್ಳುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ‘ಶೀರ್ಷಿಕೆ ಪಟ್ಟಿ ತೆಗೆದು ಶೀರ್ಷಿಕೆ ಪಟ್ಟಿ ತನ್ನಿ’ ಎಂದು ಬರೆಯಬೇಕಾದೀತು.

ನನಗೆ ಹೊಳೆದದ್ದು ‘ಹಣೆಪಟ್ಟಿ’. ಗದಗಿನ ಹತ್ತಿರ ಲಕ್ಕುಂಡಿಯ ಗುಡಿಗಳಿಗೆ ಹೋದವರು ನೋಡಿರುತ್ತೀರಿ, ಬಾಗಿಲಿನ ಮೇಲಡ್ಡದ ನಟ್ಟನಡುವೆ ಕೆತ್ತಿದ ಮೂರ್ತಿ. ಅದಕ್ಕೆ ಲಲಾಟಬಿಂಬ ಎನ್ನುತ್ತಾರೆ. ಲಲಾಟ ಅಂದರೆ ಹಣೆ. ಕಲ್ಲಿನ ಬಾಗಿಲಿಗೆ ಹಣೆ ಇರುವಾಗ ಪರದೆಯ ಕಿಟಕಿಗೆ ಯಾಕೆ ಬೇಡ? ಹಣೆಪಟ್ಟಿ ಅಂದಾಗ ಯಾರಿಗೂ ಯಾದಿ ನೆನಪಾಗುವುದಿಲ್ಲ. ಆದರೆ ‘ಹಣೆಪಟ್ಟಿ ಕಟ್ಟುವುದು’ ಎಂಬ ಮಾತಿಗೆ ದೂರುವ ಧ್ವನಿ ಅಂಟಿಕೊಂಡಿದೆ. ಅದೊಂದೇ ನನ್ನ ಅಳುಕು. ಹೆಡರ್ ಬಾರ್ ಸದ್ಯ ಹಾಗೇ ಇರಲಿ.

‘ಮರುಸ್ಥಾಪಿಸು’ ಮಾತ್ರ ಬೇಡವೇ ಬೇಡ. ಹಿಗ್ಗಿಸಿದ ಕಿಟಕಿಯನ್ನು ಮೊದಲಿನ ಅಳತೆಗೆ ತರುವ ಗುಂಡಿಗೂ ಅದೇ ಪದ ಬಳಕೆಯಲ್ಲಿದೆ. ಚೀಟಿಯನ್ನು ತಿದ್ದಿ ಹೀಗೆ ಬರೆದೆ: ‘ಟೂಲ್‌ಬಾರಿನ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಟೂಲ್‌ಬಾರ್ ಹೊಂದಿಸುವ ಪುಟ ತೆರೆಯಿರಿ. ತಳದಲ್ಲಿ ಟೈಟಲ್ ಬಾರ್ ಎಂಬುದಕ್ಕೆ ಗುರುತು ಹಾಕಿ. ಹೆಸರಿನ ಸಾಲು ಮರಳಿ ಕಾಣುತ್ತದೆ.’ ಐದು ನಿಮಿಷದಲ್ಲಿ ಕೆಲಸ ಆಯಿತು.

ಧಾರವಾಡ, ಹಾವೇರಿ ಕಡೆಯವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಕಿಡಕಿ ಚೌಕಟ್ಟಿನ ಮೇಲಿನ ಅಡ್ಡ ಕಟ್ಟಿಗೆಗೆ ನಿಮ್ಮೂರ ಬಡಿಗೇರರು ಏನಂತಾರೆ? ಅವರ ಬಾಯಲ್ಲಿ ಇರುವ ಪದವನ್ನು ಹಾಗೇ ಬರೆದು ಕಳಿಸಿ.